ತ್ರಿಕೋನಮಿತಿ ಅರ್ಥವಾಗಿದೆಯೇ ಎಂದು ತಿಳಿಯಲು ನಾನು ಪ್ರಯೋಗಿಸಿದ ನಾಲ್ಕು ವಿಧಾನಗಳು

ಘಟಕ ಪರೀಕ್ಷೆಯಲ್ಲಿ 25ಕ್ಕೆ 22 ಅಂಕ ಪಡೆದಿದ್ದ ನನ್ನ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು, ಲಂಬಕೋನ ತ್ರಿಭುಜದ ಮೂರೂ ಬಾಹುಗಳನ್ನು ಎರಡು ಪಟ್ಟು ಹಿಗ್ಗಿಸಿದರೆ ಸೈನ್ ಬೆಲೆಯೂ (ಕೋನದ ಎದುರಿನ ಬಾಹುವಿಗೂ ಅತಿ ಉದ್ದದ ಬಾಹುವಾದ ವಿಕರ್ಣಕ್ಕೂ ಇರುವ, ತ್ರಿಭುಜ ಹಿಗ್ಗಿದರೂ ಬದಲಾಗದ ಅನುಪಾತ) ಎರಡು ಪಟ್ಟಾಗುತ್ತದೆ ಎಂದು ಹೇಳಿದ ದಿನ, ನಾನು ಆ 22 ಅಂಕಗಳನ್ನು ಯಾವುದಕ್ಕಾಗಿ ಕೊಟ್ಟಿದ್ದೆ ಎಂಬ ಪ್ರಶ್ನೆ ನನ್ನನ್ನು ಬಹಳವಾಗಿ ಕಾಡಿತು. ಅಲ್ಲಿಂದ ಎರಡು ವರ್ಷ, ಸುಮಾರು 45 ಮಕ್ಕಳಿರುವ ತರಗತಿಗಳಲ್ಲಿ, ನಾಲ್ಕು ವಿಧಾನಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದ್ದೇನೆ.

ಮೊದಲನೆಯದು ಎಸ್ಸೆಸ್ಸೆಲ್ಸಿ ಮಾದರಿಯ ಲಿಖಿತ ಪರೀಕ್ಷೆ. ಒಂದೇ ಅವಧಿಯಲ್ಲಿ ಎಲ್ಲರನ್ನೂ ಪರೀಕ್ಷಿಸಬಹುದು, ಮುಂದಿನ 80 ಅಂಕಗಳ ಪತ್ರಿಕೆಗೆ ಅಭ್ಯಾಸವೂ ಆಗುತ್ತದೆ. ಆದ್ದರಿಂದ ಇದನ್ನು ಬಿಡುವಂತಿಲ್ಲ. ಆದರೆ 30°, 45°, 60°ಗಳ ಕೋಷ್ಟಕವನ್ನು ಬಾಯಿಪಾಠ ಮಾಡಿದವರಿಗೂ ಅನುಪಾತವೆಂದರೇನೆಂದು ಬಲ್ಲವರಿಗೂ ಇಲ್ಲಿ ಒಂದೇ ಅಂಕ ಸಿಗುತ್ತದೆ. ನಿತ್ಯಸಮೀಕರಣಗಳನ್ನು (ಕೋನ ಯಾವುದಿದ್ದರೂ ನಿಜವಾಗುವ ಸಮೀಕರಣಗಳನ್ನು) ಸಾಧಿಸುವ ಪ್ರಶ್ನೆಗಳಲ್ಲಿ ಇನ್ನೊಂದು ತೊಡಕಿದೆ. ತಪ್ಪಾದ ಉತ್ತರಗಳನ್ನು ಸಾಲು ಸಾಲಾಗಿ ಪರಿಶೀಲಿಸಿದಾಗ, ಬಹಳಷ್ಟು ಮಕ್ಕಳು ಎಡವಿದ್ದು ಭಿನ್ನರಾಶಿಗಳ ಛೇದವನ್ನು ಸಮಗೊಳಿಸುವಲ್ಲಿ ಅಥವಾ ಅಪವರ್ತಿಸುವಲ್ಲಿ; ತ್ರಿಕೋನಮಿತಿಯ ಬಗ್ಗೆ ಆ ಉತ್ತರಗಳು ನನಗೆ ಏನನ್ನೂ ತಿಳಿಸಲಿಲ್ಲ.

ಎರಡನೆಯದಾಗಿ ಕೋನಮಾಪಕ, ಕೊಳವೆ, ದಾರ ಮತ್ತು ಕಲ್ಲಿನಿಂದ ಮಾಡಿದ ಕ್ಲಿನೋಮೀಟರ್ (ಓರೆಯ ಕೋನ ಅಳೆಯುವ ಸಾಧನ) ಹಿಡಿದು ಶಾಲೆಯ ಅಂಗಳದ ಮರದ ಎತ್ತರ ಅಳೆಸಿದೆ. ಮರದಿಂದ 10 ಮೀಟರ್ ದೂರದಲ್ಲಿ ಉನ್ನತ ಕೋನ (ಮರದ ತುದಿಯನ್ನು ನೋಡಲು ದೃಷ್ಟಿ ಸಮತಲದಿಂದ ಮೇಲೇರುವ ಕೋನ) 38° ಬಂದರೆ, 10ನ್ನು ಟ್ಯಾನ್ 38°ಯಿಂದ (ಕೋನದ ಎದುರಿನ ಬಾಹುವಿಗೂ ಪಕ್ಕದ ಬಾಹುವಿಗೂ ಇರುವ ಅನುಪಾತದಿಂದ) ಗುಣಿಸಿದಾಗ 7.8 ಮೀಟರ್ ಆಗುತ್ತದೆ, ಅದಕ್ಕೆ ನೋಡುವವರ ಕಣ್ಣಿನ ಎತ್ತರ 1.4 ಮೀಟರ್ ಕೂಡಿಸಬೇಕು. ಕಲಿಕೆಗೆ ಇದಕ್ಕಿಂತ ಒಳ್ಳೆಯ ಚಟುವಟಿಕೆಯನ್ನು ನಾನು ಕಂಡಿಲ್ಲ. ಆದರೆ ಅಂಕ ಕೊಡಲು ಇದು ಒಗ್ಗುವುದಿಲ್ಲ: ಐವರ ಗುಂಪಿನಲ್ಲಿ ಒಬ್ಬರು ಅಳೆಯುತ್ತಾರೆ, ಒಬ್ಬರು ಲೆಕ್ಕ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಕೈ ಅಲುಗಿ ಒಂದು ಡಿಗ್ರಿ ತಪ್ಪಿದರೂ ಎತ್ತರ ಸುಮಾರು 28 ಸೆಂಟಿಮೀಟರ್ ಬದಲಾಗುವುದರಿಂದ, ಕೈಯ ತಪ್ಪಾವುದು, ತಿಳಿವಳಿಕೆಯ ತಪ್ಪಾವುದು ಎಂದು ಉತ್ತರದಿಂದ ನಿರ್ಧರಿಸಲಾಗುವುದಿಲ್ಲ.

ಮೂರನೆಯದು ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಎಂದು ಕಾರಣಸಹಿತ ಬರೆಸುವುದು. 'ಟ್ಯಾನ್ ಬೆಲೆ ಎಂದಿಗೂ 1ಕ್ಕಿಂತ ಹೆಚ್ಚಾಗುವುದಿಲ್ಲ', 'ಸೈನ್ 80° ಎಂಬುದು ಸೈನ್ 40°ಯ ಎರಡು ಪಟ್ಟು' ಎಂಬಂತಹ ಐದು ಹೇಳಿಕೆಗಳು ಸಾಕು. ಕಾರಣ ಕೇಳದಿದ್ದರೆ ಊಹೆಯಿಂದಲೇ ಅರ್ಧದಷ್ಟು ಸರಿಯಾಗಬಹುದಾದ್ದರಿಂದ, ಅಂಕವೆಲ್ಲ ಕಾರಣಕ್ಕೇ ಮೀಸಲು. ಒಬ್ಬ ಹುಡುಗ 10 ಸೆಂಟಿಮೀಟರ್ ವಿಕರ್ಣವಿರುವ ತ್ರಿಭುಜ ಬರೆದು, 40° ಕೋನದ ಅಭಿಮುಖ ಬಾಹುವನ್ನು ಅಳೆದು 6.4 ಎಂದು ಗುರುತಿಸಿ, ಅದರ ಎರಡು ಪಟ್ಟು 12.8 ಆಗುತ್ತದೆ, ಅಭಿಮುಖ ಬಾಹು ವಿಕರ್ಣಕ್ಕಿಂತ ಉದ್ದವಿರಲು ಸಾಧ್ಯವಿಲ್ಲ, ಆದ್ದರಿಂದ ಹೇಳಿಕೆ ತಪ್ಪು ಎಂದು ಬರೆದಿದ್ದ. ಹತ್ತು ಹಂತಗಳ ಸಾಧನೆಗಿಂತ ಆ ಎರಡು ಸಾಲುಗಳಲ್ಲಿ ಹೆಚ್ಚಿನ ಗಣಿತವಿದೆ ಎಂದು ನಾನು ನಂಬುತ್ತೇನೆ, ಮತ್ತು ಅದನ್ನು ಓದಿದಾಗ ಆದ ಸಂತೋಷ ಇನ್ನೂ ನೆನಪಿದೆ.

ನಾಲ್ಕನೆಯದು ಒಬ್ಬೊಬ್ಬರನ್ನೇ ಕರೆದು ಮಾತನಾಡಿಸುವುದು. ವಿಕರ್ಣದ ಮೇಲೆ ನಿಂತ, ಲಂಬಕೋನ ಮೇಲಿರುವ ತ್ರಿಭುಜವನ್ನು ತೋರಿಸಿ, ಕೆಳಗಿನ ಒಂದು ಕೋನದ ಪಾರ್ಶ್ವ ಬಾಹು (ವಿಕರ್ಣವಲ್ಲದ, ಆ ಕೋನದ ಪಕ್ಕದ ಬಾಹು) ಯಾವುದೆಂದು ಕೇಳಿದರೆ, ಕೆಳಗಿನ ಗೆರೆಯನ್ನೇ ತೋರಿಸುವವರು ಯಾರೆಂಬುದು ಕ್ಷಣದಲ್ಲಿ ತಿಳಿಯುತ್ತದೆ. ನಿಖರತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಒಬ್ಬರಿಗೆ ಆರು ನಿಮಿಷದಂತೆ 45 ಮಕ್ಕಳಿಗೆ ನಾಲ್ಕೂವರೆ ಗಂಟೆ ಬೇಕು.

ಆದ್ದರಿಂದ ಈಗ ಕಾರಣಸಹಿತ ಹೇಳಿಕೆಗಳನ್ನೇ ಮುಖ್ಯ ಅಳತೆಯಾಗಿಟ್ಟುಕೊಂಡು, ಯಾರ ಕಾರಣ ಅಸ್ಪಷ್ಟವಾಗಿದೆಯೋ ಆ ಎಂಟು ಹತ್ತು ಮಕ್ಕಳನ್ನು ಮಾತ್ರ ಮಾತನಾಡಿಸುತ್ತೇನೆ. ವಾಕ್ಯ ರಚಿಸಲು ಕಷ್ಟಪಡುವ ಮಕ್ಕಳಿಗೆ ಈ ಕ್ರಮದಲ್ಲಿ ಮೊದಲು ಅನ್ಯಾಯವಾಗಿತ್ತು. ಹಾಳೆಯನ್ನು ಖಾಲಿ ಬಿಟ್ಟಿದ್ದ ಒಬ್ಬ ಹುಡುಗಿ, ಎದುರಿಗೆ ಕೂರಿಸಿ ಕೇಳಿದಾಗ ಆ ಹಾಳೆಯನ್ನೇ ತಿರುಗಿಸಿ ಬೆರಳಿನಿಂದ ಸರಿಯಾದ ಬಾಹುವನ್ನು ತೋರಿಸಿದಳು. ಅಂದಿನಿಂದ ಅಳತೆಗಳನ್ನು ಗುರುತಿಸಿದ ಚಿತ್ರವನ್ನೂ ಕಾರಣವೆಂದು ಒಪ್ಪಿ ಪೂರ್ಣ ಅಂಕ ಕೊಡುತ್ತಿದ್ದೇನೆ.