ಒಂದೇ ಸುದ್ದಿ, ಮೂರು ವರದಿ: ಸ್ಥಳೀಯ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ

ಸ್ಥಳೀಯ ಪತ್ರಿಕೆಗಳ ಗುಣಮಟ್ಟ ಇಳಿದಿದೆ ಎಂಬ ದೂರು ಓದುಗರಲ್ಲಿ ಸಾಮಾನ್ಯ. ಇಳಿದಿರುವುದು ವರದಿಗಾರಿಕೆಯೋ ಬರವಣಿಗೆಯೋ ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ಸ್ಪಷ್ಟ ಉತ್ತರ ಸಿಗುವುದಿಲ್ಲ, ಏಕೆಂದರೆ ಇವೆರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಹಾಗೆ ಬೇರ್ಪಡಿಸಿ ನೋಡಲೆಂದೇ ಕೆಲವು ತಿಂಗಳ ಕಾಲ ಒಂದೇ ಪ್ರದೇಶದ ಸುದ್ದಿಯನ್ನು ಮೂರು ಕಡೆ ಓದಿದೆ: ದೊಡ್ಡ ದಿನಪತ್ರಿಕೆಯೊಂದರ ಸ್ಥಳೀಯ ಆವೃತ್ತಿ, ಅದೇ ಪ್ರದೇಶದಲ್ಲಿ ಅಚ್ಚಾಗುವ ಸಣ್ಣ ದಿನಪತ್ರಿಕೆ ಮತ್ತು ಮುದ್ರಣವೇ ಇಲ್ಲದೆ ಮೊಬೈಲ್‌ನಲ್ಲಿ ಮಾತ್ರ ಬರುವ ಸುದ್ದಿತಾಣ. ಒಂದೇ ಘಟನೆಯ ಮೂರು ವರದಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿ ವಾಕ್ಯದ ಎದುರಿಗೆ ಈ ಮಾಹಿತಿ ಯಾರಿಂದ ಬಂದದ್ದು ಎಂದು ಪೆನ್ಸಿಲ್‌ನಿಂದ ಗುರುತು ಮಾಡುತ್ತ ಹೋದೆ. ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ದೋಷಗಳಿಗೆ ಒಬ್ಬರೇ ಹಕ್ಕುದಾರರಿಲ್ಲ.

ಭಾಷೆಯೊಂದನ್ನೇ ನೋಡುವುದಾದರೆ ಸ್ಪರ್ಧೆಯೇ ಇಲ್ಲ. ದೊಡ್ಡ ಪತ್ರಿಕೆಯ ಆವೃತ್ತಿಯಲ್ಲಿ ಕಾಗುಣಿತ ಸರಿಯಾಗಿರುತ್ತದೆ, ಶೀರ್ಷಿಕೆಯಲ್ಲಿದ್ದ ಹೆಸರೇ ಚಿತ್ರದ ಅಡಿಬರಹದಲ್ಲೂ ಇರುತ್ತದೆ, ವಾಕ್ಯದಲ್ಲಿ ಕರ್ತೃ ಎಲ್ಲಿ ಹೋದ ಎಂದು ಹುಡುಕಬೇಕಾಗುವುದಿಲ್ಲ. ಡೆಸ್ಕ್‌ನಲ್ಲಿ, ಅಂದರೆ ಸಂಪಾದಕೀಯ ವಿಭಾಗದಲ್ಲಿ, ವರದಿಗಾರರ ಬರಹವನ್ನು ತಿದ್ದುವವರು ಇನ್ನೂ ಇದ್ದಾರೆ ಎಂಬುದು ಅಲ್ಲಿ ಎದ್ದು ಕಾಣುತ್ತದೆ. ಸಣ್ಣ ಪತ್ರಿಕೆಯಲ್ಲಿ ಒಂದೇ ವಾಕ್ಯ ಅರ್ಧ ಕಾಲಂ ಓಡಿ, ಕೊನೆಗೆ ಯಾವ ಕ್ರಿಯಾಪದ ಯಾರಿಗೆ ಸೇರಿದ್ದು ಎಂದು ಓದುಗನೇ ತೀರ್ಮಾನಿಸಬೇಕಾಗುತ್ತದೆ. ಒಬ್ಬನೇ ವ್ಯಕ್ತಿಯ ವಯಸ್ಸು ಒಂದು ಪ್ಯಾರಾದಲ್ಲಿ ಒಂದಿದ್ದರೆ ಇನ್ನೊಂದರಲ್ಲಿ ಬೇರೆ ಇರುವುದೂ ಉಂಟು. ಸುದ್ದಿತಾಣದ ವಾಕ್ಯಗಳು ಚಿಕ್ಕವು, ಓದಲು ಸಲೀಸು, ಆದರೆ ಶೀರ್ಷಿಕೆಗಳು ಸುದ್ದಿಯನ್ನು ಹೇಳುವ ಬದಲು ಬಚ್ಚಿಡುತ್ತವೆ. ‘ಅಧಿಕಾರಿ ಮಾಡಿದ್ದೇನು ಗೊತ್ತಾ?’ ಎಂಬ ಸಾಲಿನ ಕೆಳಗೆ ಇದ್ದದ್ದು ಒಂದು ಸಾಮಾನ್ಯ ವರ್ಗಾವಣೆಯ ಸುದ್ದಿ.

ಪೆನ್ಸಿಲ್ ಗುರುತುಗಳು ಬೇರೆಯದನ್ನೇ ಹೇಳಿದವು. ಸ್ಥಳೀಯ ಆಡಳಿತದ ಬಜೆಟ್ ಸಭೆಯ ವರದಿಗಳನ್ನೇ ತೆಗೆದುಕೊಳ್ಳಿ. ಸ್ಥಳೀಯ ಪತ್ರಿಕೆ ಬಿಟ್ಟರೆ ಇನ್ನಾರೂ ಈ ಸಭೆಗೆ ಹೋಗಿ ಕೂರುವುದಿಲ್ಲವಾದ್ದರಿಂದ ಪತ್ರಿಕೆಯ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ದೊಡ್ಡ ಪತ್ರಿಕೆಯ ವರದಿ ಅಚ್ಚುಕಟ್ಟಾಗಿತ್ತು: ಒಟ್ಟು ಗಾತ್ರ, ಉಳಿತಾಯದ ಅಂದಾಜು, ಹೊಸ ಯೋಜನೆಗಳ ಪಟ್ಟಿ, ಅಧ್ಯಕ್ಷರ ಒಂದು ಹೇಳಿಕೆ. ಆ ಸಭೆಯ ಪತ್ರಿಕಾ ಪ್ರಕಟಣೆಯನ್ನು ತರಿಸಿಕೊಂಡು ಹೋಲಿಸಿದಾಗ ಪ್ಯಾರಾಗಳ ಅನುಕ್ರಮವೂ ಬದಲಾಗಿರಲಿಲ್ಲ ಎಂಬುದು ಕಂಡುಬಂತು. ವಿಶೇಷಣಗಳನ್ನು ತೆಗೆದು, ಕಾಗುಣಿತ ತಿದ್ದಿ, ಮೇಲೆ ‘ನಮ್ಮ ಪ್ರತಿನಿಧಿಯಿಂದ’ ಎಂದು ಹಾಕಲಾಗಿತ್ತು. ಪ್ರಕಟಣೆಯನ್ನು ಬಳಸುವುದು ತಪ್ಪೇನಲ್ಲ, ಆದರೆ ಅದು ಪ್ರಕಟಣೆ ಎಂದು ಹೇಳದೆ ಪ್ರತಿನಿಧಿಯ ವರದಿ ಎಂದು ಕೊಡುವಾಗ ಓದುಗ ನಂಬುವುದು ಅಲ್ಲಿಗೆ ಹೋಗದೇ ಇದ್ದ ಒಬ್ಬ ಮನುಷ್ಯನನ್ನು.

ಬಜೆಟ್ ವರದಿಯಲ್ಲಿ ಓದುಗನಿಗೆ ಬೇಕಾದ ಅಂಕಿಗಳು ಮೂರು ಬಗೆಯವು: ಮುಂದಿನ ವರ್ಷದ ಅಂದಾಜು, ನಡೆಯುತ್ತಿರುವ ವರ್ಷದ ಪರಿಷ್ಕೃತ ಅಂದಾಜು, ಹಿಂದಿನ ವರ್ಷ ನಿಜವಾಗಿ ಖರ್ಚಾದದ್ದು. ಮೊದಲನೆಯದು ಆಶ್ವಾಸನೆ, ಮೂರನೆಯದು ದಾಖಲೆ. ಈ ಮೂರೂ ಅಂಕಿಗಳು ಅದೇ ಬಜೆಟ್ ಪುಸ್ತಕದ ಅಕ್ಕಪಕ್ಕದ ಅಂಕಣಗಳಲ್ಲಿ ಇದ್ದರೂ ದೊಡ್ಡ ಪತ್ರಿಕೆ ಮೊದಲನೆಯ ಅಂಕಣವನ್ನು ಮಾತ್ರ ಓದಿತ್ತು. ಸಣ್ಣ ಪತ್ರಿಕೆಯ ವರದಿಗಾರ ಸಭೆ ಮುಗಿಯುವವರೆಗೂ ಕುಳಿತಿದ್ದುದು ವರದಿಯಿಂದಲೇ ತಿಳಿಯುತ್ತಿತ್ತು. ಚರಂಡಿ ಕಾಮಗಾರಿಗೆ ಕಳೆದ ಬಾರಿ ಇಟ್ಟ ಹಣದಲ್ಲಿ ಬಹುಪಾಲು ಖರ್ಚೇ ಆಗಿಲ್ಲವೇಕೆ ಎಂದು ಸದಸ್ಯೆಯೊಬ್ಬರು ಕೇಳಿದ್ದು, ಟೆಂಡರ್‌ಗೆ ಯಾರೂ ಬರಲಿಲ್ಲ ಎಂದು ಎಂಜಿನಿಯರ್ ಉತ್ತರಿಸಿದ್ದು, ಹಾಗಾದರೆ ಅದೇ ಮೊತ್ತವನ್ನು ಈ ವರ್ಷ ಹೊಸ ಯೋಜನೆ ಎಂದು ತೋರಿಸಿದ್ದೇಕೆ ಎಂದು ಅವರು ಮತ್ತೆ ಕೇಳಿದಾಗ ಉತ್ತರ ಬಾರದಿದ್ದುದು, ಎಲ್ಲವೂ ಅದರಲ್ಲಿತ್ತು. ಆದರೆ ಇದ್ದದ್ದು ಕೊನೆಯ ಪ್ಯಾರಾದಲ್ಲಿ, ವೇದಿಕೆಯ ಮೇಲಿದ್ದವರ ಹೆಸರುಗಳನ್ನೆಲ್ಲ ದಾಟಿದ ಮೇಲೆ. ಇಂಟ್ರೊ, ಅಂದರೆ ವರದಿಯ ಆರಂಭದ ಸಾಲು, ಆಗಬೇಕಿದ್ದ ಸಂಗತಿಯನ್ನು ಬಾಲಕ್ಕೆ ಕಟ್ಟಿದ್ದರು. ಪುಟದಲ್ಲಿ ಜಾಗ ಸಾಲದೆ ಹೋದರೆ ಮೊದಲು ಕತ್ತರಿ ಬೀಳುವುದೂ ಕೊನೆಯ ಪ್ಯಾರಾಕ್ಕೇ. ಆ ದಿನ ಜಾಹೀರಾತು ಕಡಿಮೆಯಿದ್ದುದರಿಂದ ಅದು ಉಳಿಯಿತೇನೋ. ಸುದ್ದಿತಾಣ ಅದೇ ಸಭೆಯಿಂದ ಇಬ್ಬರು ಸದಸ್ಯರ ವಾಗ್ವಾದದ ವಿಡಿಯೊ ಒಂದನ್ನು ಹಾಕಿ ಸುಮ್ಮನಾಯಿತು.

ಅಂಕಿಗಳ ವಿಷಯದಲ್ಲಿ ಮೂವರೂ ಸಮಾನರು. ತೆರಿಗೆಯ ದರ ಶೇ 4ರಿಂದ ಶೇ 5ಕ್ಕೆ ಏರಿದರೆ ಏರಿಕೆ ಒಂದು ಶೇಕಡಾವಾರು ಅಂಶ ನಿಜ, ಆದರೆ ಕಟ್ಟುವವನ ಮೊತ್ತ ಏರುವುದು ಶೇ 25ರಷ್ಟು. ಇಂಥ ಪ್ರಸ್ತಾವವನ್ನು ‘ಶೇ 1ರಷ್ಟು ಅಲ್ಪ ಏರಿಕೆ’ ಎಂದು ಬರೆದಾಗ, ಆ ‘ಅಲ್ಪ’ ಎಂಬ ತೀರ್ಪು ಪ್ರಸ್ತಾವ ಮಂಡಿಸಿದವರದ್ದೇ ಹೊರತು ವರದಿಗಾರ ಲೆಕ್ಕ ಹಾಕಿ ಕಂಡುಕೊಂಡದ್ದಲ್ಲ. ‘ಅಪಘಾತಗಳು ದುಪ್ಪಟ್ಟು’ ಎಂಬ ಶೀರ್ಷಿಕೆಗೂ ಇದೇ ಮಾತು: ಎರಡು ನಾಲ್ಕಾದದ್ದೋ ಇನ್ನೂರು ನಾನೂರಾದದ್ದೋ ಎಂದು ಹೇಳದಿದ್ದರೆ ಆ ಶೀರ್ಷಿಕೆಯಿಂದ ಹೆದರಿಕೆ ಹುಟ್ಟಬಹುದು, ತಿಳಿವಳಿಕೆ ಹುಟ್ಟುವುದಿಲ್ಲ.

ಅಪರಾಧ ಮತ್ತು ಅಪಘಾತದ ವರದಿಗಳಲ್ಲಿ ಬಹುತೇಕ ಎಲ್ಲ ಗುರುತುಗಳೂ ಪೊಲೀಸರ ಕಡೆಗೇ ಹೋದವು, ಅದೂ ಮರೆಮಾಚಿದ ರೀತಿಯಲ್ಲಿ. ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’, ‘ಎಂದು ಹೇಳಲಾಗುತ್ತಿದೆ’ ಎಂಬ ಮೂರು ಆಸರೆಗಳ ಮೇಲೆ ಇಡೀ ವರದಿ ನಿಂತಿರುತ್ತದೆ. ‘ಅತಿವೇಗವೇ ಕಾರಣ ಎನ್ನಲಾಗಿದೆ’ ಎಂಬುದರ ಬದಲಿಗೆ ‘ಅತಿವೇಗವೇ ಕಾರಣವೆಂದು ಪ್ರಾಥಮಿಕ ವರದಿಯಲ್ಲಿ ಪೊಲೀಸರು ಬರೆದಿದ್ದಾರೆ, ಚಾಲಕನ ಕಡೆಯವರು ಇನ್ನೂ ಮಾತನಾಡಿಲ್ಲ’ ಎಂದು ಬರೆಯಲು ಹೆಚ್ಚು ಬೇಕಾಗುವುದು ಕೆಲವೇ ಪದಗಳು. ಇಲ್ಲಿಯೂ ಸಣ್ಣ ಪತ್ರಿಕೆ ಒಂದು ದಿನ ಬೆರಗುಗೊಳಿಸಿತು. ರಾತ್ರಿ ನಡೆದ ಅಪಘಾತದ ತಿರುವಿನಲ್ಲಿ ಬೀದಿದೀಪ ಉರಿಯುತ್ತಿರಲಿಲ್ಲ ಎಂಬುದನ್ನೂ, ಅಲ್ಲಿನ ನಿವಾಸಿಗಳು ಆ ಬಗ್ಗೆ ಕೊಟ್ಟ ಲಿಖಿತ ದೂರಿನ ತಾರೀಖನ್ನೂ ವರದಿಗಾರ ಹುಡುಕಿ ಬರೆದಿದ್ದ. ಕಾಗುಣಿತದ ತಪ್ಪುಗಳು ಅದರಲ್ಲೂ ಇದ್ದವು. ದೊಡ್ಡ ಪತ್ರಿಕೆಯ ದೋಷ ಡೆಸ್ಕ್‌ನದು: ಒಳಗೆ ವರದಿಗಾರ ಎಚ್ಚರದಿಂದ ‘ಆರೋಪಿಗಳು’ ಎಂದು ಬರೆದಿದ್ದರೂ ಮೇಲಿನ ಶೀರ್ಷಿಕೆ ‘ಕಳ್ಳರ ಬಂಧನ’ ಎಂದು ತೀರ್ಪನ್ನೇ ಕೊಟ್ಟುಬಿಡುತ್ತದೆ. ಸುದ್ದಿತಾಣ ಎಲ್ಲರಿಗಿಂತ ಮೊದಲು ಸುದ್ದಿ ಕೊಟ್ಟು, ಮೃತರ ಸಂಖ್ಯೆಯನ್ನು ಮಧ್ಯಾಹ್ನ ಒಂದು, ಸಂಜೆ ಇನ್ನೊಂದು ಮಾಡಿತು, ಬದಲಾಯಿಸಿದ್ದೇವೆ ಎಂಬ ಒಂದು ಸಾಲನ್ನೂ ಹಾಕದೆ.

ಆತ್ಮಹತ್ಯೆಯ ವರದಿಗಳಲ್ಲಿ ಮೂರೂ ಅನುತ್ತೀರ್ಣ. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗಾಗಿ 2000ದಲ್ಲಿ ಮೊದಲು ಹೊರತಂದು 2023ರಲ್ಲಿ ಮತ್ತೆ ಪರಿಷ್ಕರಿಸಿದ ಮಾರ್ಗದರ್ಶಿಯು ವಿಧಾನವನ್ನು ವಿವರಿಸಬೇಡಿ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ, ನೆರವು ಎಲ್ಲಿ ಸಿಗುತ್ತದೆ ಎಂದು ತಿಳಿಸಿ ಎನ್ನುತ್ತದೆ. ನಾನು ಓದಿದ ವರದಿಗಳಲ್ಲಿ ಮೊದಲ ಎರಡು ತಪ್ಪುಗಳು ಶೀರ್ಷಿಕೆಯಲ್ಲೇ ಇದ್ದವು.

ಸಣ್ಣ ಪತ್ರಿಕೆಯನ್ನು ಇಷ್ಟು ಹೊಗಳಿದ ಮೇಲೆ ಅದರ ದೊಡ್ಡ ಕೊರತೆಯನ್ನೂ ಹೇಳಬೇಕು. ಅದರಲ್ಲಿ ಸುದ್ದಿ ಮತ್ತು ಜಾಹೀರಾತಿನ ನಡುವೆ ಗೋಡೆಯೇ ಇಲ್ಲ. ಖಾಸಗಿ ಆಸ್ಪತ್ರೆಯೊಂದರ ಹೊಸ ಘಟಕದ ಉದ್ಘಾಟನೆ ಮೂರು ಕಾಲಂ ಸುದ್ದಿಯಾಗಿ ಬಂದ ದಿನವೇ ಹಿಂಬದಿಯ ಪುಟದಲ್ಲಿ ಅದೇ ಆಸ್ಪತ್ರೆಯ ಪೂರ್ಣ ಪುಟದ ಜಾಹೀರಾತು ಇತ್ತು, ಮತ್ತು ಚಿಕಿತ್ಸೆಯ ಬಗ್ಗೆ ಎರಡರಲ್ಲೂ ಇದ್ದ ಮಾತುಗಳು ಒಂದೇ. ದೊಡ್ಡ ಪತ್ರಿಕೆ ಇಂಥದ್ದನ್ನು ಪುರವಣಿಯಲ್ಲಿ ಹಾಕಿ, ಓದಲು ಕಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಾದರೂ ‘ಜಾಹೀರಾತು’ ಎಂದು ಬರೆಯುತ್ತದೆ. ಚಂದಾದಾರರು ಕಡಿಮೆಯಾದಷ್ಟೂ ಒಬ್ಬೊಬ್ಬ ಜಾಹೀರಾತುದಾರನ ತೂಕ ಹೆಚ್ಚುತ್ತದೆ ಎಂಬುದು ವಿವರಣೆಯಾದೀತು, ಸಮರ್ಥನೆಯಾಗದು.

ತಪ್ಪು ಒಪ್ಪಿಕೊಳ್ಳುವ ಕ್ರಮವನ್ನೂ ಹೋಲಿಸಿದೆ. ಅಮೆರಿಕದ ಲೂಯಿವಿಲ್‌ನ ಪತ್ರಿಕೆಯೊಂದು ಓದುಗರ ದೂರು ಕೇಳಲೆಂದೇ ಒಬ್ಬ ಒಂಬುಡ್ಸ್‌ಮನ್ ಅನ್ನು ನೇಮಿಸಿದ್ದು 1967ರಲ್ಲಿ. ಬ್ರಿಟನ್ನಿನ ಗಾರ್ಡಿಯನ್ 1997ರಲ್ಲಿ ತಿದ್ದುಪಡಿಗಳಿಗೆ ದಿನದ ಅಂಕಣವನ್ನೇ ಮೀಸಲಿಟ್ಟಿತು. ನ್ಯೂಯಾರ್ಕ್ ಟೈಮ್ಸ್ 1853ರ ವರದಿಯೊಂದರಲ್ಲಿ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಆತ್ಮಕಥೆಯ ಲೇಖಕ ಸಾಲೊಮನ್ ನಾರ್ತಪ್ ಅವರ ಹೆಸರನ್ನು ತಪ್ಪಾಗಿ ಬರೆದದ್ದನ್ನು 2014ರಲ್ಲಿ ತಿದ್ದಿತು. ನನ್ನ ಮೂರರಲ್ಲಿ ದೊಡ್ಡ ಪತ್ರಿಕೆ ಒಳಪುಟದ ಮೂಲೆಯಲ್ಲಿ ‘ಸ್ಪಷ್ಟನೆ’ ಎಂದು ಎರಡು ಸಾಲು ಹಾಕುತ್ತದೆ, ಆದರೆ ಮೂಲದಲ್ಲಿ ಏನು ತಪ್ಪಾಗಿತ್ತು ಎಂದು ಹೇಳುವುದಿಲ್ಲ. ಸುದ್ದಿತಾಣ ಸದ್ದಿಲ್ಲದೆ ಅಳಿಸುತ್ತದೆ. ಸಣ್ಣ ಪತ್ರಿಕೆಗೆ ನಾನೇ ಒಂದು ತಪ್ಪನ್ನು ತಿಳಿಸಿ ಪತ್ರ ಬರೆದಾಗ, ಅದು ಮರುದಿನ ಅದೇ ಪುಟದಲ್ಲಿ, ತಪ್ಪು ಯಾವುದು, ಸರಿ ಯಾವುದು ಎಂದು ಬಿಡಿಸಿ ಪ್ರಕಟವಾಯಿತು, ನನ್ನ ಹೆಸರಿನ ಕಾಗುಣಿತವೊಂದು ತಪ್ಪಾಗಿದ್ದುದನ್ನು ಬಿಟ್ಟರೆ.

ಸುದ್ದಿತಾಣದ ಆ್ಯಪ್ ತೆಗೆದುಹಾಕಿದ್ದೇನೆ. ದೊಡ್ಡ ಪತ್ರಿಕೆ ಹೊರಗಿನ ಸುದ್ದಿಗಾಗಿ ಮನೆಗೆ ಬರುತ್ತಿದೆ. ಸಣ್ಣ ಪತ್ರಿಕೆಗೆ ಒಂದು ವರ್ಷದ ಚಂದಾ ಕಟ್ಟಿದ್ದು, ಅದರಲ್ಲಿನ ಸಭೆಗಳ ವರದಿಯನ್ನು ಕೊನೆಯ ಪ್ಯಾರಾದಿಂದ ಮೇಲಕ್ಕೆ ಓದುತ್ತೇನೆ.