ನಾಲ್ಕು ಬೈಕು, ಒಂದೇ ಆಗುಂಬೆ ರಸ್ತೆ

1984ರಲ್ಲಿ ಔಷಧಿ ಕಂಪನಿಯೊಂದರಲ್ಲಿ ರೆಪ್, ಅಂದರೆ ಡಾಕ್ಟರನ್ನು ಕಂಡು ಕಂಪನಿಯ ಔಷಧಿ ಪರಿಚಯಿಸುವವನಾಗಿ ಸೇರಿದೆ. 2020ರಲ್ಲಿ ನಿವೃತ್ತನಾದೆ. ನಡುವಿನ 36 ವರ್ಷ ನಾನು ಮಾಡಿದ್ದು ಎರಡೇ ಕೆಲಸ. ಡಾಕ್ಟರ ಕೋಣೆಯ ಹೊರಗೆ ಕಾಯುವುದು, ಬೈಕು ಓಡಿಸುವುದು. ಮನೆ ಶಿವಮೊಗ್ಗದಲ್ಲಿ. ತೀರ್ಥಹಳ್ಳಿ, ಆಗುಂಬೆ, ಹೊಸನಗರ, ಸಾಗರ ನನ್ನ ಪಾಲಿಗೆ ಬಂದ ಸೀಮೆ. ತಿಂಗಳಿಗೆ ಹತ್ತಿರ ಹತ್ತಿರ 2,000 ಕಿಲೋಮೀಟರ್ ಆಗುತ್ತಿತ್ತು.

ಅಷ್ಟು ವರ್ಷಕ್ಕೆ ನಾಲ್ಕು ಬೈಕು ಸಾಕಾದವು. ಯೆಜ್ಡಿ ರೋಡ್‌ಕಿಂಗ್, ಯಮಹಾ ಆರ್‌ಎಕ್ಸ್ 100, ಹೀರೋ ಹೋಂಡಾ ಸ್ಪ್ಲೆಂಡರ್, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಯಾವುದು ಚೆನ್ನಾಗಿತ್ತು ಅಂತ ಕೇಳುವವರು ಈಗಲೂ ಸಿಗುತ್ತಾರೆ. ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಹೋದ ಡಿಸೆಂಬರ್‌ನಲ್ಲಿ ಒಂದು ಹುಚ್ಚು ಹತ್ತಿತು. ನಾಲ್ಕೂ ಇನ್ನೂ ಕೈಗೆ ಸಿಗುವ ದೂರದಲ್ಲೇ ಇವೆ. ಯೆಜ್ಡಿ, ಕ್ಲಾಸಿಕ್ ನನ್ನ ಶೆಡ್ಡಿನಲ್ಲಿ. ಆರ್‌ಎಕ್ಸ್ ಭಾವಮೈದುನನ ಹತ್ತಿರ. ಸ್ಪ್ಲೆಂಡರ್ ತಮ್ಮನ ಅಡಿಕೆ ತೋಟದಲ್ಲಿ. ದಿನಕ್ಕೊಂದರಂತೆ ನಾಲ್ಕನ್ನೂ ಹಳೇ ಟೂರ್ ಪ್ರೋಗ್ರಾಮಿನ ದಾರಿಯಲ್ಲೇ ಓಡಿಸಿ ನೋಡೋಣ ಅನ್ನಿಸಿತು. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ. ಘಾಟಿ ಇಳಿದು ಸೋಮೇಶ್ವರದಲ್ಲಿ ಟೀ. ಮತ್ತೆ ಹತ್ತಿಕೊಂಡು ವಾಪಸ್. ಹೋಗಿ ಬರಲು 200 ಕಿಲೋಮೀಟರಿನ ಮೇಲಾಗುತ್ತದೆ.

ಹೆಂಡತಿ ಕೇಳಿದಳು, "ಸಂಬಳ ಇಲ್ದೆ ಡ್ಯೂಟಿ ಮಾಡ್ತಿದ್ದೀರಾ?"

ಯೆಜ್ಡಿಯಿಂದಲೇ ಶುರು ಮಾಡಬೇಕು. ಯಾಕಂದರೆ ಅದು ಶುರುವಾಗುವುದೇ ಒಂದು ಕಥೆ. ಅದರ ಕಿಕ್ಕರ್ ಮತ್ತು ಗೇರ್ ಪೆಡಲ್ ಒಂದೇ. ಎಡಗಡೆ ಇರುತ್ತದೆ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಅದನ್ನೇ ಕೆಳಗೆ ತಂದರೆ ಗೇರ್. ಹೊಸಬರು ಬಲಗಡೆ ಕಿಕ್ಕರ್ ಹುಡುಕುತ್ತಾ ನಿಲ್ಲುವುದನ್ನು ನೋಡುವುದೇ ನಮಗೊಂದು ಮಜಾ ಆಗಿತ್ತು.

ಒದೆಯುವುದನ್ನು ಅರೆಮನಸ್ಸಿನಿಂದ ಮಾಡುವ ಹಾಗಿಲ್ಲ. ಇದರ ಟೂ ಸ್ಟ್ರೋಕ್ ಎಂಜಿನ್ನಿಗೆ ಹೊಗೆ, ಗಾಳಿ ಬಿಡಲು ತೆರೆದು ಮುಚ್ಚುವ ವಾಲ್ವ್ ಇಲ್ಲ. ಹಾಗಾಗಿ ಅದು ಮುಂದಕ್ಕೂ ತಿರುಗುತ್ತದೆ, ಹಿಂದಕ್ಕೂ ತಿರುಗುತ್ತದೆ. ಒದ್ದದ್ದು ಮೆತ್ತಗಾದರೆ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಹಾರಿ, ಅದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಎಂಜಿನ್ ಉಲ್ಟಾ ಓಡಲು ಶುರು. ಶಬ್ದ ಕೇಳಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಒಂದು ನರ್ಸಿಂಗ್ ಹೋಮ್ ಎದುರು, ಟೈ ಕಟ್ಟಿಕೊಂಡು, ನೆನೆದ ಬೂಟಿನಲ್ಲಿ ಕಾಲು ಜಾರುತ್ತಾ ಕಿಕ್ಕರ್ ಒದ್ದೆ. ಸ್ಟಾರ್ಟ್ ಆಯಿತು. ಗತ್ತಿನಿಂದ ಫಸ್ಟ್ ಗೇರ್ ಹಾಕಿದೆ. ಗಾಡಿ ಹಿಂದಕ್ಕೆ ಹೋಗಿ ಸೌತೆಕಾಯಿ ಮಾರುವ ಅಜ್ಜಿಯ ಬುಟ್ಟಿಗೆ ಗುದ್ದಿತು. ಐದು ಸೌತೆಕಾಯಿ ಕೊಂಡು ರಾಜಿಯಾದೆ. ಆ ದಿನ ಡಾಕ್ಟರ ಟೇಬಲ್ ಮೇಲೆ ಸ್ಯಾಂಪಲ್ ಜೊತೆ ಒಂದು ಸೌತೆಕಾಯಿಯನ್ನೂ ಇಟ್ಟೆ.

ಅದನ್ನು 'ನಮ್ಮ ಮೈಸೂರಿನ ಗಾಡಿ' ಅಂತಲೇ ಕರೆಯುತ್ತಿದ್ದೆವು. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಶುರುವಾಯಿತು. ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದ್ದರು. ಜೆಕ್ ದೇಶದ ಜಾವಾ ಇಲ್ಲಿ ಬಂದು, 1973ರ ಹೊತ್ತಿಗೆ ಯೆಜ್ಡಿ ಅನ್ನಿಸಿಕೊಂಡಿತು. ನನ್ನದು ಸೆಕೆಂಡ್ ಹ್ಯಾಂಡ್ ರೋಡ್‌ಕಿಂಗ್. 250 ಸಿಸಿ, 16 ಎಚ್‌ಪಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್.

ಅದರಲ್ಲಿ ಇನ್ನೊಂದು ಜಾಣತನ ಇತ್ತು. ಗೇರ್ ಪೆಡಲ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ. ಕೈಯಲ್ಲಿ ಕ್ಲಚ್ ಹಿಡಿಯಲೇಬೇಕು ಅಂತಿಲ್ಲ. ಇದರ ಬೆಲೆ ಗೊತ್ತಾಗಿದ್ದು ಒಂದು ಜುಲೈನಲ್ಲಿ. ಕೇಬಲ್ಲಿಗೆ ಎಣ್ಣೆ ಬಿಡದೆ ತಿಂಗಳುಗಟ್ಟಲೆ ಓಡಿಸಿದ್ದೆ. ತಪ್ಪು ನನ್ನದೇ. ಆಗುಂಬೆಯ ಜಡಿಮಳೆಯಲ್ಲಿ ಅದು ಪಟ್ ಅಂತ ತುಂಡಾಯಿತು. ಕೈಯಲ್ಲಿ ಕ್ಲಚ್ ಇಲ್ಲದೆ, ಬರೀ ಕಾಲಿನಲ್ಲೇ ಗೇರ್ ಹಾಕುತ್ತಾ ತೀರ್ಥಹಳ್ಳಿ ಮುಟ್ಟಿದೆ. ಮಿಕ್ಕ ಮೂರು ಬೈಕಿನಲ್ಲಿ ಈ ಸೌಕರ್ಯ ಇರಲಿಲ್ಲ.

ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಬೈಕ್ ರಿಪೇರಿ ಮೇಸ್ತ್ರಿ ಕೇಬಲ್ ಹಾಕಿಕೊಟ್ಟ. ಮಳೆ ನಿಲ್ಲುವವರೆಗೆ ಬಿಸಿ ಕಡುಬೂ ತಿನ್ನಿಸಿದ. ಯೆಜ್ಡಿ ಕಾಲದಲ್ಲಿ ಶಿವಮೊಗ್ಗದಿಂದ ಸಾಗರದವರೆಗೆ ಇರುವ ಅಷ್ಟೂ ಮೇಸ್ತ್ರಿಗಳ ಮನೆ ಮಕ್ಕಳ ಹೆಸರು ನನಗೆ ಬಾಯಿಪಾಠ. ಪಾಯಿಂಟ್ ಗ್ಯಾಪ್ ನೋಡುವುದು, ಪ್ಲಗ್ ತಿಕ್ಕುವುದು, ಸೈಲೆನ್ಸರಿನ ಮಸಿ ಸುಡುವುದು ಎಲ್ಲ ಅವರೇ ಕಲಿಸಿದ್ದು. ಇದಕ್ಕೆ ತೆತ್ತ ಬೆಲೆ ಅಂದರೆ ಉಗುರು. ಏಳು ವರ್ಷ ನನ್ನ ಉಗುರು ಬೆಳ್ಳಗೆ ಇದ್ದದ್ದೇ ಇಲ್ಲ. ಕರಪತ್ರ ತೋರಿಸುವಾಗ ಡಾಕ್ಟರ ಕಣ್ಣು ಮಾತ್ರೆಯ ಚಿತ್ರದ ಮೇಲಿರುವುದಕ್ಕಿಂತ ನನ್ನ ಬೆರಳಿನ ಮೇಲೇ ಜಾಸ್ತಿ ಇರುತ್ತಿತ್ತು.

ಡಿಸೆಂಬರ್‌ನಲ್ಲಿ ಮೂರನೇ ಒದೆತಕ್ಕೆ ಎದ್ದಿತು. ಸೀಟು ಈಗಲೂ ಅಗಲ, ಸೊಂಟಕ್ಕೆ ಹಿತ. ಮಂಡಗದ್ದೆಯಲ್ಲಿ ನಿಲ್ಲಿಸಿದೆ. ಮಳೆಗಾಲದಲ್ಲಾದರೆ ಹೊಳೆ ನಡುವಿನ ಮರಗಳು ಬೆಳ್ಳಕ್ಕಿ ಕೂತು ಬೆಳ್ಳಗಿರುತ್ತವೆ. ಈಗ ಖಾಲಿ. ನಿಂತ ಐದು ನಿಮಿಷದಲ್ಲಿ ಮೂವರು ಬಂದು ಮಾತಾಡಿಸಿದರು. ಒಬ್ಬರ ಅಪ್ಪನ ಹತ್ತಿರ ಇತ್ತಂತೆ, ಇನ್ನೊಬ್ಬರ ಮಾವನ ಹತ್ತಿರ.

ಘಾಟಿಯಲ್ಲಿ ಮಾತ್ರ ಹಳೇ ಭಯ ವಾಪಸ್ ಬಂತು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಕಡಿದಾದ ತಿರುವು. ಟೂ ಸ್ಟ್ರೋಕ್ ಗಾಡಿ ಎಕ್ಸಲರೇಟರ್ ಬಿಟ್ಟರೂ ಎಂಜಿನ್ನಿನಿಂದ ಅಷ್ಟಾಗಿ ತಡೆಯುವುದಿಲ್ಲ, ಜಾರಿಕೊಂಡೇ ಹೋಗುತ್ತದೆ. ಇರುವುದು ಡ್ರಮ್ ಬ್ರೇಕು. ಇನ್ನೊಂದು ಕಷ್ಟವೂ ಇದೆ. ಯೆಜ್ಡಿಗೆ ಆಯಿಲ್ ಹೋಗುವುದು ಪೆಟ್ರೋಲ್ ಜೊತೆ ಬೆರೆತು. ಎಕ್ಸಲರೇಟರ್ ಮುಚ್ಚಿಕೊಂಡೇ ಇಳಿದರೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ, ಪಿಸ್ಟನ್ ಒಣಗುತ್ತದೆ. ಅದಕ್ಕೆ ಹಳಬರು ಇಳಿಜಾರಿನಲ್ಲೂ ಆಗಾಗ ರೇಸ್ ಮಾಡುತ್ತಾರೆ. ನೋಡಿದವರಿಗೆ ಶೋಕಿ ಅನ್ನಿಸಬಹುದು. ಅದು ಪಿಸ್ಟನ್ನಿನ ಬಾಯಿಗೆ ನೀರು ಬಿಟ್ಟ ಹಾಗೆ.

1991ರಲ್ಲಿ ಆರ್‌ಎಕ್ಸ್ 100 ತಗೊಂಡೆ. ಯೆಜ್ಡಿಗೆ ಆಗ ಗುಜರಿ ಬೆಲೆ ಹೇಳಿದರು, ಸಿಟ್ಟು ಬಂದು ಇಟ್ಟುಕೊಂಡೆ. ಆರ್‌ಎಕ್ಸ್ ಬಗ್ಗೆ ಜಾಸ್ತಿ ಬರೆಯಲ್ಲ, ಹೊಗಳುವವರು ಊರ ತುಂಬ ಇದ್ದಾರೆ. 98 ಸಿಸಿ, 11 ಎಚ್‌ಪಿ, ತೂಕ ನೂರು ಕಿಲೋದ ಆಸುಪಾಸು. ಈ ಮೂರು ಅಂಕಿ ಪಕ್ಕಪಕ್ಕ ಇಟ್ಟರೆ ಸಾಕು, ಬೇರೆ ವಿವರಣೆ ಬೇಡ. ಆಯಿಲ್ಲಿಗೆ ಬೇರೆ ಟ್ಯಾಂಕ್ ಇದ್ದದ್ದರಿಂದ ಬಂಕಿನಲ್ಲಿ ನಿಂತು ಬೆರೆಸುವ ರಗಳೆ ತಪ್ಪಿತು. ಡಾಕ್ಟರ ಮನೆಯ ನಾಯಿಗೂ ಅದರ ಶಬ್ದ ಗೊತ್ತಿತ್ತು. ಕಾಂಪೌಂಡರ್ ಒಳಗಿನಿಂದಲೇ, "ಬಂದ ನೋಡಿ" ಅನ್ನುತ್ತಿದ್ದ. ಕೆಲಸದ ದೃಷ್ಟಿಯಿಂದ ಇದು ಒಳ್ಳೆಯದಲ್ಲ. ರೆಪ್ ಬರುತ್ತಿದ್ದಾನೆ ಅಂತ ಮೊದಲೇ ಗೊತ್ತಾದರೆ ಕೆಲವು ಡಾಕ್ಟರು ಹಿಂಬಾಗಿಲಿನಿಂದ ಹೊರಟುಬಿಡುತ್ತಾರೆ.

ಮೊನ್ನೆ ಘಾಟಿ ಹತ್ತುವಾಗ ನಾಲ್ಕರಲ್ಲೂ ನಗು ಬಂದದ್ದು ಇದರಲ್ಲಿ ಮಾತ್ರ. ಅರವತ್ತು ದಾಟಿದವನು ಹೆಲ್ಮೆಟ್ ಒಳಗೆ ಒಬ್ಬನೇ ನಗುತ್ತಾ ಹೋಗುವುದು ನೋಡಲು ಚೆನ್ನಾಗಿರಲ್ಲ, ಸದ್ಯ ಯಾರಿಗೂ ಕಾಣಲಿಲ್ಲ. ಬಂಕಿನಲ್ಲಿ ಇಬ್ಬರು ಹುಡುಗರು, "ಕೊಡ್ತೀರಾ ಅಂಕಲ್?" ಅಂತ ಕೇಳಿದರು. ಭಾವಮೈದುನನ ಗಾಡಿಯಲ್ಲದಿದ್ದರೆ ಬೆಲೆ ಕೇಳುತ್ತಿದ್ದೆನೇನೋ. ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದೂ, ಆರ್‌ಎಕ್ಸ್ 100 ತಯಾರಿ ನಿಂತದ್ದೂ ಒಂದೇ ವರ್ಷ, 1996. ಆಗ ಯಾರೂ ಹೀಗೆ ರಸ್ತೆಯಲ್ಲಿ ಅಡ್ಡಹಾಕಿ ಕೇಳುತ್ತಿರಲಿಲ್ಲ.

ಆಗ ಎಲ್ಲರೂ ಕೇಳುತ್ತಿದ್ದದ್ದು ಮೈಲೇಜು. ರೆಪ್ ಆದವನಿಗೆ ಅದು ಸಂಬಳದ ಪ್ರಶ್ನೆ. ಕಂಪನಿ ಕಿಲೋಮೀಟರಿಗೆ ಇಷ್ಟು ಅಂತ ಟಿಎ, ಅಂದರೆ ಪ್ರಯಾಣ ಭತ್ಯೆ ಕೊಡುತ್ತಿತ್ತು. ಬೈಕು ಯಾವುದು ಅಂತ ಕೇಳುತ್ತಿರಲಿಲ್ಲ. ನನ್ನ ಕೈಯಲ್ಲಿ ಯೆಜ್ಡಿ ಕೊಡುತ್ತಿದ್ದದ್ದು ಲೀಟರಿಗೆ 26, ಆರ್‌ಎಕ್ಸ್ 38, ಸ್ಪ್ಲೆಂಡರ್ 68. ತಿಂಗಳ 2,000 ಕಿಲೋಮೀಟರಿಗೆ ಲೆಕ್ಕ ಹಾಕಿ. ಯೆಜ್ಡಿಗೆ 77 ಲೀಟರ್, ಆರ್‌ಎಕ್ಸ್‌ಗೆ 53, ಸ್ಪ್ಲೆಂಡರಿಗೆ 30. ಯೆಜ್ಡಿ ಕಾಲದಲ್ಲಿ ಟಿಎ ಪೂರ್ತಿ ಬಂಕಿಗೇ ಹೋಗುತ್ತಿತ್ತು. ಸ್ಪ್ಲೆಂಡರ್ ಬಂದ ಮೇಲೆ ತಿಂಗಳ ಕೊನೆಗೆ ಕೈಯಲ್ಲಿ ಒಂದಿಷ್ಟು ಉಳಿಯತೊಡಗಿತು. ಮಗಳ ಸ್ಕೂಲ್ ಫೀಸು ಕಟ್ಟಿದ್ದು ಆ 47 ಲೀಟರಿನ ವ್ಯತ್ಯಾಸವೇ ಅಂತ ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಸ್ಪ್ಲೆಂಡರ್ ತಗೊಂಡದ್ದು 1997ರಲ್ಲಿ. 15 ವರ್ಷ ಓಡಿಸಿದೆ. ನಾಲ್ಕರಲ್ಲಿ ಅತಿ ಹೆಚ್ಚು ಕಿಲೋಮೀಟರ್ ಅದರದ್ದೇ. 97 ಸಿಸಿ ಫೋರ್ ಸ್ಟ್ರೋಕು, ಏಳೂವರೆ ಎಚ್‌ಪಿ. ಗಾಡಿ ಅಲುಗಾಡುವುದಿಲ್ಲ, ಕೂಗುವುದಿಲ್ಲ. ಆ ಸೀಮೆಯ ಮಳೆ ಅಂದರೆ ಗೊತ್ತಲ್ಲ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಮೇಲೆ ಸುರಿಯುತ್ತದೆ. ಅಂಥ ಮಳೆಯಲ್ಲಿ ರಾತ್ರಿಯೆಲ್ಲ ಹೊರಗೆ ನಿಲ್ಲಿಸಿದರೂ ಬೆಳಗ್ಗೆ ಎರಡೇ ಒದೆತ. ಉಗುರು ಬೆಳ್ಳಗಾಯಿತು. ಮೇಸ್ತ್ರಿಗಳು ದೂರವಾದರು. ತೀರ್ಥಹಳ್ಳಿಯ ಮೇಸ್ತ್ರಿಯ ಮಗಳ ಮದುವೆ ಆಗಿದ್ದೂ ನನಗೆ ವರ್ಷ ಕಳೆದ ಮೇಲೆ ಗೊತ್ತಾಯಿತು.

ಒಂದು ವಿಚಿತ್ರ ಹೇಳುತ್ತೇನೆ. ಸ್ಪ್ಲೆಂಡರ್ ಮೇಲೆ ಹೋದ ಒಂದೇ ಒಂದು ಪ್ರಯಾಣವೂ ನನಗೆ ನೆನಪಿಲ್ಲ. ಕೂತು ತಲೆ ಕೆರೆದುಕೊಂಡೆ. 15 ವರ್ಷ! ಡಾಕ್ಟರು ನೆನಪಿದ್ದಾರೆ, ಟಾರ್ಗೆಟ್ ನೆನಪಿದೆ, ಯಾವ ಊರಿನ ಹೋಟೆಲಿನಲ್ಲಿ ದೋಸೆ ಚೆನ್ನಾಗಿತ್ತು ಅನ್ನುವುದೂ ನೆನಪಿದೆ. ಬೈಕು ಮಾತ್ರ ಇಲ್ಲ. ಹೋಗುತ್ತಿದ್ದೆ, ಬರುತ್ತಿದ್ದೆ, ಅಷ್ಟೆ.

ಡಿಸೆಂಬರ್‌ನಲ್ಲೂ ಹಾಗೇ ಆಯಿತು. ನಾಲ್ಕು ದಿನಕ್ಕೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಯೆಜ್ಡಿಗೆ ಮೂರು ಪುಟ ಆಗಿದೆ. ಸ್ಪ್ಲೆಂಡರಿಗೆ ಒಂದೇ ಸಾಲು: "ಮೈಲೇಜ್ 66. ಏನೂ ಆಗಲಿಲ್ಲ." ಘಾಟಿ ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಬಿಟ್ಟರೆ ಮೇಕೆ ಇಳಿದ ಹಾಗೆ ಇಳಿಯಿತು, ಬ್ರೇಕು ಮುಟ್ಟಿದ್ದು ತಿರುವಿನಲ್ಲಿ ಮಾತ್ರ. ಹತ್ತುವಾಗ ನಿಧಾನ. ಹಿಂದಿದ್ದ ಕಾರಿನವರಿಗೆ ಬೇಸರ ಆಗಿರಬಹುದು.

ಕ್ಲಾಸಿಕ್ ಬಂದದ್ದು 2012ರಲ್ಲಿ, ನಾನು ಮ್ಯಾನೇಜರ್ ಆದ ಮೇಲೆ. ನಿಜ ಹೇಳಬೇಕೆಂದರೆ ಅದು ಗತ್ತಿಗೆ ತಗೊಂಡದ್ದು. ಹಳೇ ಬುಲೆಟ್ಟಿನಲ್ಲಿ ಗೇರು ಬಲಗಡೆ, ಬ್ರೇಕು ಎಡಗಡೆ. ಆಂಪಿಯರ್ ಮುಳ್ಳು ನೋಡಿ, ಎಂಜಿನ್ನಿನ ಒತ್ತಡ ಬಿಡುವ ಡಿಕಂಪ್ರೆಶನ್ ಲಿವರ್ ಒತ್ತಿ ಒದೆಯುವ ಶಾಸ್ತ್ರ ಬೇರೆ. ಅದಕ್ಕೆ ಹೆದರಿ ಅಷ್ಟು ವರ್ಷ ದೂರ ಇದ್ದೆ. ಕ್ಲಾಸಿಕ್‌ನಲ್ಲಿ ಗೇರು ಎಡಗಡೆ ಬಂದಿತ್ತು, ಸೆಲ್ಫ್ ಸ್ಟಾರ್ಟ್ ಇತ್ತು, ಮುಂದೆ ಡಿಸ್ಕ್ ಬ್ರೇಕು. ನನ್ನ ಮಂಡಿಯ ಮಟ್ಟಿಗೆ ಸೆಲ್ಫ್ ಬಟನ್ನಿಗಿಂತ ದೊಡ್ಡ ಔಷಧಿಯನ್ನು ನಾನು ಮಾರಿಲ್ಲ.

ಈ ಬೈಕಿನ ಮೇಲೆ ಹೋದಾಗ ಡಾಕ್ಟರು ಮೊದಲ ಸಲ ನನ್ನನ್ನು ಕೂರಿಸಿ ಮಾತಾಡಿಸಿದರು. "ಲಡಾಖ್ ಹೋಗಿದ್ರಾ?" ಅಂತ ಕೇಳುತ್ತಿದ್ದರು. ಇಲ್ಲ ಸಾರ್, ಹೊಸನಗರ.

346 ಸಿಸಿ, ಇಪ್ಪತ್ತು ಎಚ್‌ಪಿಗೆ ಸ್ವಲ್ಪ ಕಡಿಮೆ. ಅಂಕಿಯಲ್ಲಿ ದೊಡ್ಡದೇನಲ್ಲ. ಆದರೆ ಎಳೆತ ಕೆಳಗಿನಿಂದಲೇ ಸಿಗುತ್ತದೆ. ಘಾಟಿಯಲ್ಲಿ ಬೇರೆ ಗಾಡಿಗೆ ಸೆಕೆಂಡ್ ಬೇಕಾದ ಕಡೆ ಇದು ಮೂರರಲ್ಲೇ ಡುಬ್ ಡುಬ್ ಅನ್ನುತ್ತಾ ಹತ್ತಿತು. ಇಳಿಯುವಾಗ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಡಿಸ್ಕ್ ಮೇಲೆ ನಂಬಿಕೆ ಇದೆ. ಕೊನೆಯ ತಿರುವಿನವರೆಗೂ ಭುಜ ಸಡಿಲವಾಗಿ ಇದ್ದದ್ದು ಇದೊಂದರಲ್ಲೇ. ಮೈಲೇಜ್ 35. ಕಷ್ಟ ಇರುವುದು ನಿಂತಾಗ. 187 ಕಿಲೋ. ನನ್ನ ಶೆಡ್ಡು ಸ್ವಲ್ಪ ತಗ್ಗಿನಲ್ಲಿದೆ. ಓಡುವಾಗ ಹೂವಿನ ಹಾಗೆ ಇರುವ ಗಾಡಿಯನ್ನು ಹಿಂದಕ್ಕೆ ತಳ್ಳಿ ಹೊರತೆಗೆಯಲು ಈಗ ಪಕ್ಕದ ಮನೆ ಹುಡುಗನನ್ನು ಕರೆಯಬೇಕು. ಒಂದು ದಿನ ಅವನು ಇರುವುದಿಲ್ಲ, ಆ ದಿನ ನನ್ನ ಬೈಕ್ ಸವಾರಿಯೂ ಇರುವುದಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ರೆಪ್ ಹುಡುಗನೊಬ್ಬ ಹೋದ ತಿಂಗಳು ಸಲಹೆ ಕೇಳಿದ. ಎರಡನೇ ಯೋಚನೆ ಮಾಡದೆ ಸ್ಪ್ಲೆಂಡರ್ ಅಂದೆ. ಅವನ ಮುಖ ಸಪ್ಪಗಾಯಿತು. ಕ್ಲಾಸಿಕ್ ಅನ್ನುತ್ತೇನೆ ಅಂದುಕೊಂಡಿದ್ದನೋ ಏನೋ. ಟಿಎ ಎಷ್ಟು ಕೊಡ್ತಾರೆ, ಲೆಕ್ಕ ಹಾಕು ಅಂದೆ.

ಇತ್ತ ಹೆಂಡತಿ, ಶೆಡ್ಡಿನಲ್ಲಿ ಜಾಗ ಇಲ್ಲ, ಒಂದನ್ನಾದರೂ ಮಾರಿ ಅಂತ ಶುರು ಮಾಡಿದಳು. ಯೆಜ್ಡಿ ಆಗುವುದಿಲ್ಲ. ಕ್ಲಾಸಿಕ್ ಬಗ್ಗೆ ಯೋಚಿಸುತ್ತಿದ್ದೇನೆ. ಇದೇ ಚರ್ಚೆ ಎರಡು ವಾರ ನಡೆದಿತ್ತು. ಅಷ್ಟರಲ್ಲಿ ತಮ್ಮನ ಫೋನು ಬಂತು. "ಅಣ್ಣಾ, ಸ್ಪ್ಲೆಂಡರ್ ಯಾವಾಗ ವಾಪಸ್ ಕೊಡ್ತೀಯ? ಇಲ್ಲಿ ತೋಟಕ್ಕೆ ಗೊಬ್ಬರ ಸಾಗಿಸಬೇಕು."

ಶೆಡ್ಡಿಗೆ ಹೋಗಿ ನೋಡಿದೆ. ಬಾಗಿಲ ಹತ್ತಿರವೇ ನಿಂತಿತ್ತು. ಹ್ಯಾಂಡಲ್ಲಿಗೆ ಹಾಲಿನ ಚೀಲ ನೇತಾಡುತ್ತಿತ್ತು. ಎರಡು ವಾರದಿಂದ ಹಾಲು, ತರಕಾರಿ, ಬ್ಯಾಂಕು ಎಲ್ಲದಕ್ಕೂ ಅದರಲ್ಲೇ ಹೋಗಿ ಬರುತ್ತಿದ್ದೆ. ವಾಪಸ್ ಕೊಟ್ಟಿಲ್ಲ ಅನ್ನುವುದು ಅವನು ಕೇಳುವವರೆಗೆ ಹೊಳೆದೇ ಇರಲಿಲ್ಲ.