ಡ್ರೋನ್ ಸೂಪರ್, ಆದ್ರೆ ಕಾಡಿನ ರೂಲ್ಸ್ ಬಗ್ಗೆ ತಪ್ಪು ಹೇಳಿ ಕಳಿಸಿದ್ರು (5ಕ್ಕೆ 3 ಸ್ಟಾರ್)

ಕುದುರೆಮುಖ ಟ್ರೆಕ್‌ಗೆ ಅಂತ ಈ ಅಂಗಡಿಯಿಂದ ಎರಡು ದಿನಕ್ಕೆ ಡ್ರೋನ್ ಬಾಡಿಗೆಗೆ ತಗೊಂಡಿದ್ವಿ. ಮಾಲಿನ ಬಗ್ಗೆ ಎರಡು ಮಾತಿಲ್ಲ, 249 ಗ್ರಾಂದು, ಮೂರೂ ಬ್ಯಾಟರಿ ಫುಲ್ ಚಾರ್ಜ್ ಮಾಡಿ ಕೊಟ್ರು, ನನಗೆ ಹೊಸದು ಅಂದಿದ್ದಕ್ಕೆ ಅರ್ಧ ಗಂಟೆ ನಿಂತು ಹಾರಿಸೋದು ಇಳಿಸೋದು ಎಲ್ಲ ತೋರಿಸಿದ್ರು.

ಕಾಡಲ್ಲಿ ಹಾರಿಸ್ಬೋದಾ ಅಂತ ನಾನೇ ಕೇಳ್ದೆ. "250 ಗ್ರಾಂ ಒಳಗಿದೆ ಸರ್, ಏನೂ ಪರ್ಮಿಷನ್ ಬೇಡ" ಅಂದ್ರು. ಸಮಸ್ಯೆ ಆಗಿದ್ದು ಇಲ್ಲೇ. ಮುಳ್ಳೋಡಿ ಹತ್ರ ಬ್ಯಾಗ್ ಚೆಕ್ ಮಾಡುವಾಗ ಫಾರೆಸ್ಟ್ ಗಾರ್ಡ್ ಡ್ರೋನ್ ನೋಡಿ ಒಳಗೆ ಬಿಡಲ್ಲ ಅಂದ್ರು. ಬೈಲಿಲ್ಲ ಪಾಪ, ಕೂರಿಸಿ ಹೇಳಿದ್ರು. 2021ರ ಡ್ರೋನ್ ರೂಲ್ಸಲ್ಲಿ 250 ಗ್ರಾಂವರೆಗಿನ ನ್ಯಾನೋ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ, ಅಷ್ಟೇ. ನ್ಯಾಷನಲ್ ಪಾರ್ಕ್ ಒಳಗೆ 1972ರ ವನ್ಯಜೀವಿ ಕಾಯ್ದೆ ಇದೆ, ಅಲ್ಲಿ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು, ತೂಕ ಎಷ್ಟಿದ್ರೂ ಅಷ್ಟೇ. ಎಲ್ಲಿ ಡ್ರೋನ್ ಹಾರಿಸ್ಬೋದು ಅಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಒಂದು ಜಾಗ ಗ್ರೀನ್ ಝೋನ್ ಅಂತ ಇದ್ರೆ 400 ಅಡಿವರೆಗೆ ವಿಮಾನಯಾನದವರ ಪರ್ಮಿಷನ್ ಬೇಡ ಅಂತ ಅರ್ಥ, ಕಾಡಿನವರು ಒಪ್ಪಿದ್ದಾರೆ ಅಂತಲ್ಲ. ಈ ವ್ಯತ್ಯಾಸ ನನಗಂತೂ ಗೊತ್ತೇ ಇರ್ಲಿಲ್ಲ.

ಡ್ರೋನ್ ಜೀಪಲ್ಲೇ ಬಿಟ್ಟು ಹತ್ತಿದ್ವಿ. ಮಾರನೇ ದಿನ ಮ್ಯಾಪ್ ನೋಡ್ಕೊಂಡು ಕಳಸದ ಹತ್ರ ಮಾವನ ಗದ್ದೆ ಮೇಲೆ ಹಾರಿಸ್ದೆ, ಇನ್ನೂ ಮೂವತ್ತು ಅಡಿ ಏರಿರ್ಲಿಲ್ಲ, ಗದ್ದೆಯಲ್ಲಿ ಮೇಯ್ತಿದ್ದ ಬೆಳ್ಳಕ್ಕಿಗಳೆಲ್ಲ ಒಂದೇ ಸಲ ಎದ್ದು ತೋಟ ದಾಟಿ ಹೋದ್ವು, ನಾವು ಇದ್ದಷ್ಟು ಹೊತ್ತು ಒಂದೂ ವಾಪಸ್ ಬರ್ಲಿಲ್ಲ. ದಿನಾ ಟ್ರ್ಯಾಕ್ಟರ್ ಸದ್ದು ಕೇಳೋ ಹಕ್ಕಿಗಳೇ ಹಿಂಗೆ ಹೆದರಿದ್ರೆ ಗೂಡಲ್ಲಿ ಮರಿ ಇಟ್ಕೊಂಡಿರೋ ಕಾಡಿನ ಹಕ್ಕಿ ಏನು ಮಾಡ್ಬೇಕು ಅಂತ ನಿಜವಾಗ್ಲೂ ಬೇಜಾರಾಯ್ತು, ಇಳಿಸಿಬಿಟ್ಟೆ.

ಅಂಗಡಿಯವರಿಗೆ ನನ್ನ ರಿಕ್ವೆಸ್ಟ್ ಇಷ್ಟೇ. ಬಾಡಿಗೆ ಬರೆಯುವಾಗ ಎಲ್ಲಿಗೆ ಹೋಗ್ತಿದ್ದೀರ ಅಂತ ಕೇಳಿ, ಬಂಡೀಪುರ, ನಾಗರಹೊಳೆ, ರಂಗನತಿಟ್ಟು, ಕುದುರೆಮುಖ ಅಂದ್ರೆ ಅಲ್ಲಿ ಹಾರಿಸೋ ಹಾಗಿಲ್ಲ ಅಂತ ಅಲ್ಲೇ ಹೇಳಿ. ವಾಪಸ್ ಕೊಡುವಾಗ ಇದನ್ನೇ ಹೇಳಿದೆ, ರಸೀದಿ ಹಿಂದೆ ಪ್ರಿಂಟ್ ಹಾಕಿಸ್ತೀವಿ ಅಂದಿದ್ದಾರೆ. ಹಾಕಿಸಿದ್ರೆ ಉಳಿದ ಎರಡು ಸ್ಟಾರೂ ಕೊಡ್ತೀನಿ.